ಸಮವಸ್ತ್ರದ ಬಟ್ಟೆಯಲ್ಲೇ ಹೊಲಿಗೆಯ ಪ್ರಾಯೋಗಿಕ: ನನ್ನ ಅನುಭವ

ವೃತ್ತಿ ಶಿಕ್ಷಣ ವಿಭಾಗವಿರುವ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತರಗತಿ ಜೂನ್‌ನಲ್ಲಿ ಆರಂಭವಾಗುತ್ತದೆ, ಸಾಮಗ್ರಿಯ ಹಣ ಬಹುತೇಕ ಸಂಕ್ರಾಂತಿ ದಾಟಿದ ಮೇಲೆ ಬರುತ್ತದೆ, ಬಂದದ್ದು ಮಾರ್ಚ್ 31ರೊಳಗೆ ಖರ್ಚಾಗಬೇಕು. ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಭಾಗದ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿ ಉಡುಪು ತಯಾರಿಕೆಯ ವಿಷಯವಿದೆ. ಸರ್ಕಾರ ಉಚಿತವಾಗಿ ಕೊಡುವ ಸಮವಸ್ತ್ರದ ಬಟ್ಟೆಯನ್ನೇ ಪ್ರಾಯೋಗಿಕದ ಬಟ್ಟೆಯನ್ನಾಗಿ ಮಾಡಿಕೊಂಡು ನಾವು ಆ ಆರೇಳು ತಿಂಗಳ ಅಂತರವನ್ನು ದಾಟಿದ್ದೇವೆ. ಮುಖ್ಯ ಶಿಕ್ಷಕರ ಸಭೆಯಲ್ಲಿ ನಕ್ಕವರೇ ಈಗ ಠರಾವಿನ ನಕಲು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳುತ್ತೇನೆ. ನಮ್ಮ ದಾಖಲಾತಿ 101ರಿಂದ 250ರ ವರ್ಗದಲ್ಲಿರುವುದರಿಂದ ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ 50,000 ರೂಪಾಯಿ. ಅದರಲ್ಲಿ ಶೇಕಡಾ 10 ಸ್ವಚ್ಛತೆಗೆ ಮೀಸಲು. ದುರಸ್ತಿ, ರಿಜಿಸ್ಟರ್, ಪ್ರಯೋಗಾಲಯ ಎಂದು ಹಂಚಿದ ಮೇಲೆ ಹೊಲಿಗೆ ಕೋಣೆಗೆ ಏಳೆಂಟು ಸಾವಿರ ಉಳಿದರೆ ಪುಣ್ಯ. ಬರೀ ಬಟ್ಟೆಗೇ ವರ್ಷಕ್ಕೆ ಹದಿನೈದು ಸಾವಿರದಷ್ಟು ಬೇಕಾಗುತ್ತಿತ್ತು. ಅಂಗಡಿಯಲ್ಲಿ ಉದ್ರಿ ತಂದು ಅನುದಾನ ಬಂದಾಗ ತೀರಿಸುವುದು ಹಳೆಯ ರೂಢಿ. 2021ರಲ್ಲಿ ಎಸ್‌ಎನ್‌ಎ ಪದ್ಧತಿ, ಅಂದರೆ ಯೋಜನೆಯ ಹಣವನ್ನು ರಾಜ್ಯಮಟ್ಟದ ಒಂದೇ ಖಾತೆಯಲ್ಲಿಡುವ ಪದ್ಧತಿ ಬಂದ ಮೇಲೆ ಅದು ಕಷ್ಟವಾಯಿತು. ಈಗ ಹಣ ಶಾಲೆಯ ಖಾತೆಯಲ್ಲಿ ಕೂರುವುದಿಲ್ಲ, ಖರ್ಚಿನ ಮಿತಿಯಷ್ಟೇ ಬರುತ್ತದೆ. ಅಂಗಡಿಯವನ ಹೆಸರು ಸರ್ಕಾರದ ಆನ್‌ಲೈನ್ ಪಾವತಿ ವ್ಯವಸ್ಥೆಯಾದ ಪಿಎಫ್‌ಎಂಎಸ್‌ನಲ್ಲಿ ಸೇರಿರದಿದ್ದರೆ ಪಾವತಿಯೂ ಇಲ್ಲ. ಫೆಬ್ರವರಿ ಕೊನೆಯಲ್ಲಿ ಮಿತಿ ಬಂದು, ಹೆಸರು ಸೇರಿಸುವಷ್ಟರಲ್ಲಿ ಮಾರ್ಚ್ ಮುಗಿದು, ಒಂದು ವರ್ಷ ಒಂಬತ್ತು ಸಾವಿರದಷ್ಟು ಹಾಗೆಯೇ ಹಿಂದಕ್ಕೆ ಹೋಯಿತು. ಅಂದಿನಿಂದ ನೂಲಿನ ಅಂಗಡಿ, ಯಂತ್ರ ದುರಸ್ತಿ ಮಾಡುವವರು, ಗುಂಡಿ ವ್ಯಾಪಾರಿ ಈ ಮೂವರ ಹೆಸರನ್ನೂ ಜೂನ್‌ನಲ್ಲೇ ಸೇರಿಸಿಡುತ್ತೇವೆ.

ಎರಡನೆಯ ದಾರಿ ಮಜೂರಿ ಹೊಲಿಗೆ. ಊರಿನ ವ್ಯಾಪಾರಿಯೊಬ್ಬರು ಲಂಗದ ಬಟ್ಟೆ ಕೊಟ್ಟು, ಹೊಲಿದ ನಗಕ್ಕೆ ಇಷ್ಟು ಎಂದು ಕೊಡಲು ಸಿದ್ಧರಿದ್ದರು. ಆದರೆ ಒಂಬತ್ತನೆಯ ತರಗತಿಯಲ್ಲಿ ಹದಿನಾಲ್ಕು ತುಂಬದ ಮಕ್ಕಳೂ ಇರುತ್ತಾರೆ, ಮಜೂರಿ ಎಂಬ ಪದ ಕಾಗದದ ಮೇಲೆ ಬಂದರೆ ಬಾಲಕಾರ್ಮಿಕ ಕಾಯ್ದೆಯ ಪ್ರಶ್ನೆ ಏಳುತ್ತದೆ; ಬಂದ ಹಣವನ್ನು ಯಾವ ಖಾತೆಗೆ ಕಟ್ಟಬೇಕೆಂಬುದಕ್ಕೂ ಯಾರೂ ಲಿಖಿತವಾಗಿ ಉತ್ತರಿಸಲಿಲ್ಲ. ಆ ವಿಚಾರವನ್ನು ಅಲ್ಲಿಗೇ ಬಿಟ್ಟೆವು.

ಸಮವಸ್ತ್ರದ ಬಟ್ಟೆ ವಿದ್ಯಾವಿಕಾಸ ಯೋಜನೆಯಲ್ಲಿ ಪುಕ್ಕಟೆ ಬರುತ್ತದೆ, ಹೊಲಿಗೆಯ ಖರ್ಚು ಮಾತ್ರ ಪಾಲಕರ ತಲೆಯ ಮೇಲೆ. ನಮ್ಮ ಕಡೆ ಒಂದು ಚೂಡಿದಾರಕ್ಕೆ ಮುನ್ನೂರು, ಮುನ್ನೂರೈವತ್ತು ಕೇಳುತ್ತಾರೆ. ಮಗ್ಗದ ಕೂಲಿ ನಂಬಿದ ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಅದು ಸಣ್ಣ ಮೊತ್ತವಲ್ಲ. ಒಂದೆಡೆ ಬಟ್ಟೆಯಿಲ್ಲದ ಯಂತ್ರಗಳು, ಇನ್ನೊಂದೆಡೆ ಹೊಲಿಸಲು ಹಣವಿಲ್ಲದ ಬಟ್ಟೆ. ಎರಡನ್ನೂ ಕೂಡಿಸಿದೆವು, ಅಷ್ಟೇ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೊದಲು ಎದ್ದ ಪ್ರಶ್ನೆ, "ಅರಿವಿ ಕೆಟ್ರ ಯಾರು ಕೊಡ್ತಾರ್ರೀ ಸರ್?" ಎಂಬುದೇ. ಸಹೋದ್ಯೋಗಿಗಳ ಅನುಮಾನವೂ ಅದೇ ಆಗಿತ್ತು. ಆದ್ದರಿಂದ ಒಪ್ಪಿದ ಪಾಲಕರಿಂದ ಮಾತ್ರ ಬಟ್ಟೆ ಪಡೆಯಬೇಕು, ಕೆಟ್ಟರೆ ಎಸ್‌ಡಿಎಂಸಿಗೆ ಬಂದ ದೇಣಿಗೆಯಿಂದ ಬದಲಿ ಬಟ್ಟೆ ಕೊಡಬೇಕು ಎಂದು ಠರಾವು ಬರೆದು, ಒಪ್ಪಿಗೆ ಪತ್ರಗಳನ್ನು ಅದಕ್ಕೆ ಲಗತ್ತಿಸಿದೆವು. ಬಟ್ಟೆ ಮಗುವಿನದು, ಶಾಲೆಯ ದಾಸ್ತಾನಲ್ಲ. ಹಾಗಾಗಿ ಅದನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸದೆ ಪ್ರತ್ಯೇಕ ಪುಸ್ತಕದಲ್ಲಿ ಪಡೆದ ಹಾಗೂ ಮರಳಿಸಿದ ಸಹಿ ಹಾಕಿಸುತ್ತೇವೆ. ಲೆಕ್ಕ ಪರಿಶೋಧನೆಯಲ್ಲಿ ಈ ಪುಸ್ತಕವನ್ನು ತಿರುವಿ ನೋಡಿದರು, ಆಕ್ಷೇಪಣೆ ಬರೆಯಲಿಲ್ಲ.

ಕೆಲಸದ ಹಂಚಿಕೆ ಹೀಗಿದೆ. ಮೊದಲ ಒಂದೂವರೆ ತಿಂಗಳು ಹಳೆಯ ಪತ್ರಿಕೆಯ ಮೇಲೆ ಗುರುತು ಮತ್ತು ಕತ್ತರಿಕೆ, ಬಳಿಕ ಹಳೆಯ ಸೀರೆಯ ಮೇಲೆ ನೇರ ಹೊಲಿಗೆ. ನಿಜವಾದ ಬಟ್ಟೆಗೆ ಕತ್ತರಿ ಹಾಕುವುದು ತರಬೇತುದಾರರೇ. ಒಂಬತ್ತನೆಯವರಿಗೆ ಅಂಚು, ಕಾಜ, ಗುಂಡಿ. ಹತ್ತನೆಯವರಿಗೆ ತೋಳು, ಕೊರಳು, ಜೋಡಣೆ. ಹುಡುಗರ ಪ್ಯಾಂಟಿನ ಗೊಡವೆಗೆ ನಾವು ಹೋಗಿಲ್ಲ, ಅದನ್ನು ಊರಿನ ದರ್ಜಿಗೇ ಬಿಟ್ಟಿದ್ದೇವೆ. ಮೊದಲ ವರ್ಷ ನಲವತ್ತರಷ್ಟು ಉಡುಪುಗಳಲ್ಲಿ ನಾಲ್ಕೋ ಐದೋ ಕೆಟ್ಟವು, ಎಲ್ಲವೂ ಕೊರಳಿನ ಹತ್ತಿರವೇ. ಕಳೆದ ವರ್ಷ ನೂರರ ಹತ್ತಿರ ಹೊಲಿದರೂ ಕೆಟ್ಟದ್ದು ಒಂದೇ. ಒಂದು ಸೆಟ್ಟಿನಲ್ಲಿ ಕಾಲು ಮೀಟರಿನಷ್ಟು ಉಳಿಯುವಂತೆ ನಮೂನೆಗಳನ್ನು ಕೂರಿಸುವ ಬಗೆಯೊಂದನ್ನು ನಮ್ಮ ತರಬೇತುದಾರರು ಕಂಡುಕೊಂಡಿದ್ದಾರೆ. ಅದು ಅವರ ಸ್ವತ್ತು, ಇಲ್ಲಿ ಬರೆಯುವುದಿಲ್ಲ. ಬಂದು ನೋಡುವವರಿಗೆ ತೋರಿಸುತ್ತಾರೆ. ನೂಲು, ಗುಂಡಿ, ಕ್ಯಾನ್ವಾಸ್ ಸೇರಿ ಉಡುಪಿಗೆ ನಲವತ್ತು ರೂಪಾಯಿಯೊಳಗೆ ಖರ್ಚು ಬರುತ್ತದೆ. ಸೂಜಿ, ಬೆಲ್ಟು, ಎಣ್ಣೆ ಹಿಡಿದರೂ ವರ್ಷಕ್ಕೆ ಆರು ಸಾವಿರ ದಾಟಿಲ್ಲ. ಉಳಿದ ಹಣದಲ್ಲಿ ಮೂಲೆ ಸೇರಿದ್ದ ಎರಡು ಯಂತ್ರಗಳನ್ನು ದುರಸ್ತಿ ಮಾಡಿಸಿದೆವು. ಮೋಟಾರು ಕೂರಿಸಿರೆಂದು ಹಲವರು ಹೇಳಿದರು. ನಮ್ಮಲ್ಲಿ ವಿದ್ಯುತ್ ಹೋಗುವ ಹೊತ್ತೇ ಹೊಲಿಗೆಯ ಪಿರಿಯಡ್ ಆದ್ದರಿಂದ ಕಾಲುಯಂತ್ರವೇ ಲೇಸು.

ಉಳಿದ ತುಣುಕುಗಳಲ್ಲಿ ಕೌದಿ ಹೊಲಿಸಿ ನೋಡಿದೆವು. ಮಗ್ಗಗಳಿಂದ ತಂದ ಚಿಂದಿಯನ್ನೂ ಸೇರಿಸಿದೆವು. ಹಣದ ಲೆಕ್ಕದಲ್ಲಿ ಅದು ಸೋಲು. ಒಂದು ಕೌದಿಗೆ ಎರಡು ತಿಂಗಳು ಹಿಡಿಯಿತು, ಕೇಳಿದವರು ಐನೂರರ ಮೇಲೆ ಏರಲಿಲ್ಲ, ನಾವು ಮಾರಲೂ ಇಲ್ಲ. ಆದರೆ ಕೈಹೊಲಿಗೆ ಅಷ್ಟು ಚೆನ್ನಾಗಿ ಕುದುರಿದ್ದು ಅದರಿಂದಲೇ.

ಬಜೆಟ್ಟಿಗಿಂತ ಕಗ್ಗಂಟಾದ ಸಂಗತಿಗಳು ಎರಡು. ತರಬೇತುದಾರರ ನೇಮಕ ಸಂಸ್ಥೆಗಳ ಮೂಲಕ ಆಗುವುದರಿಂದ ಒಪ್ಪಂದ ಮುಗಿದು ಹೊಸದು ಆಗುವವರೆಗೆ ಕೋಣೆಗೆ ಬೀಗ ಬೀಳುತ್ತದೆ; ಆ ತಿಂಗಳುಗಳಲ್ಲಿ ಊರಿನ ಅನುಭವಿ ದರ್ಜಿ ಅಕ್ಕನೊಬ್ಬರನ್ನು ಅತಿಥಿ ಉಪನ್ಯಾಸದ ಬಾಬತ್ತಿನಲ್ಲಿ ಕರೆಸುತ್ತೇವೆ. ಎರಡನೆಯದು, ಮಕ್ಕಳು ತೃತೀಯ ಭಾಷೆಯ ಬದಲು ಈ ವಿಷಯ ಆಯ್ದುಕೊಳ್ಳುವುದರಿಂದ ಹಿಂದಿ ಶಿಕ್ಷಕರ ಕಾರ್ಯಭಾರ ಕುಗ್ಗಿ, ಅವರು ಹೆಚ್ಚುವರಿ ಶಿಕ್ಷಕರ ಪಟ್ಟಿಗೆ ಸೇರಿ ಬೇರೆ ಶಾಲೆಗೆ ಹೋಗಬೇಕಾಗುವ ಭಯವಿರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2025ರೊಳಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದು ಬರೆದಿತ್ತು. ಆ ಅರ್ಧಕ್ಕೆ ಬೇಕಾದ ಶಿಕ್ಷಕರ ಹೊಂದಾಣಿಕೆಯನ್ನು ಶಾಲೆಯ ವೇಳಾಪಟ್ಟಿಯಲ್ಲೇ ಮಾಡಿಕೊಳ್ಳಿ ಎಂದರೆ ಆಗುವ ಮಾತಲ್ಲ. ನಮ್ಮ ಹಿಂದಿ ಗುರುಗಳಿಗೆ ಒಂಬತ್ತನೆಯ ತರಗತಿಯ ಒಂದು ವಿಭಾಗವನ್ನು ಪೂರ್ತಿ ಉಳಿಸಿಕೊಟ್ಟು ಸದ್ಯಕ್ಕೆ ನಿಭಾಯಿಸಿದ್ದೇನೆ.

ಬರುವ ವರ್ಷದ ವಾರ್ಷಿಕ ಯೋಜನೆಗೆ ಕಳಿಸಿದ ಬೇಡಿಕೆಯಲ್ಲಿ ಬಟ್ಟೆಯ ಬಾಬತ್ತನ್ನೇ ಕೈಬಿಟ್ಟು, ಅದರ ಜಾಗದಲ್ಲಿ ಬಟ್ಟೆಯ ಅಂಚಿನ ನೂಲು ಬಿಚ್ಚದಂತೆ ಹೊಲಿಯುವ ಒಂದು ಓವರ್‌ಲಾಕ್ ಯಂತ್ರ ಕೇಳಿದ್ದೇವೆ. ಕೊಟೇಶನ್‌ಗಳು ಮೂರೂ ಫೈಲಿನಲ್ಲಿವೆ, ಮಂಜೂರಾತಿ ಬರಬೇಕು.