ಇಳಿತ ನೋಡಿ ಹೊರಡುವ ನಡಿಗೆ

ಕಾರವಾರದಲ್ಲಿ ನಾನು ಮೊದಲ ಸಲ ಹತ್ತು ಮಂದಿಯನ್ನು ಕಟ್ಟಿಕೊಂಡು ಊರು ತೋರಿಸಲು ಹೊರಟದ್ದು ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಹಿಂದಿನ ದಿನ ಹುಣ್ಣಿಮೆ. ಟಾಗೋರ್ ಕಡಲತೀರದಿಂದ ಕೋಡಿಬಾಗದತ್ತ, ಕಾಳಿ ನದಿ ಕಡಲು ಸೇರುವ ಅಳಿವೆಯವರೆಗೆ ಮರಳಲ್ಲೇ ನಡೆಯುವ ಲೆಕ್ಕಾಚಾರ. ಅರ್ಧ ದಾರಿಯಲ್ಲೇ ನೀರು ಏರಿ ಬಂತು. ಒಣ ಮರಳಲ್ಲಿ ಕಾಲು ಹೂತು ಹೆಜ್ಜೆ ಸಾಗಲಿಲ್ಲ. ಹಿರಿಯರೊಬ್ಬರು ಗಾಳಿಮರದ ಬುಡದಲ್ಲಿ ಕೂತೇಬಿಟ್ಟರು. ಅಲ್ಲಿ ಬಲೆ ಸರಿಮಾಡುತ್ತಿದ್ದ ಅಜ್ಜ, "ಭರತಿ ಹೊತ್ತಿಗೆ ಯಾಕೆ ಕರ್ಕಂಡು ಬಂದ್ಯೋ ತಮ್ಮಾ? ಸುಕ್ತಿ ನೋಡ್ಕಂಡು ಬರೂದಲ್ವಾ?" ಎಂದರು. ಸುಕ್ತಿ ಎಂದರೆ ಕೊಂಕಣಿಯಲ್ಲಿ ಇಳಿತ.

ಅಂದಿನಿಂದ ಗಡಿಯಾರಕ್ಕಿಂತ ಮೊದಲು ಪಂಚಾಂಗ ನೋಡುತ್ತೇನೆ. ನಮ್ಮ ಕಡಲಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ನಡುಹಗಲಿನ ಆಸುಪಾಸು ಭರತಿ, ಸಂಜೆ ಐದಾರು ಗಂಟೆಯ ಸುಮಾರಿಗೆ ಇಳಿತ. ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ ಸಂಜೆಯಾದರೆ ನೀರು ದೂರ ಸರಿದು ಒದ್ದೆ ಮರಳು ಗಟ್ಟಿಯಾಗಿ ಅಗಲವಾಗಿ ಬಿದ್ದಿರುತ್ತದೆ. ಸೂರ್ಯ ಕಡಲಿಗಿಳಿಯುವಾಗ ಚಂದ್ರ ಸಹ್ಯಾದ್ರಿಯ ಕಡೆಯಿಂದ ಮೇಲೇಳುತ್ತಾನೆ.

ದಿಕ್ಕನ್ನೂ ತಿರುಗಿಸಿದೆ. ಅದಕ್ಕೆ ಕಾರಣ ರವೀಂದ್ರನಾಥ ಟಾಗೋರರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ಹರೆಯದಲ್ಲಿ ಬಂದಿದ್ದವರು ಅವರು. ಒಂದು ರಾತ್ರಿ ದೋಣಿಯಲ್ಲಿ ಕಾಳಿಯ ಮೇಲಕ್ಕೆ ಹೋಗಿ, ಇಳಿತದ ಜೊತೆ ತೇಲಿ ಬಂದು, ಅಳಿವೆಯಲ್ಲಿ ಇಳಿದು ಬೆಳದಿಂಗಳಲ್ಲಿ ಮರಳ ಮೇಲೆ ಮನೆಗೆ ನಡೆದದ್ದನ್ನು ಬರೆದುಕೊಂಡಿದ್ದಾರೆ. ಅವರ ದಾರಿಯೇ ನಮ್ಮದೂ ಆಗಲಿ ಎಂದು ಈಗ ಎಲ್ಲರನ್ನೂ ಕೋಡಿಬಾಗದಲ್ಲೇ ಸೇರಿಸಿ ಊರಿನ ಕಡೆ ಹೊರಡುತ್ತೇನೆ.

ಹೊರಡುವ ಮುನ್ನ ಹತ್ತು ನಿಮಿಷ ನದಿಯ ಕಡೆ ಮುಖ ಮಾಡಿ ನಿಲ್ಲುತ್ತೇವೆ. ಆಚೆ ದಡದ ಗುಡ್ಡ ಸದಾಶಿವಗಡ. ಸೋಂದೆಯ ಅರಸ ಬಸವಲಿಂಗ ಕೋಟೆ ಕಟ್ಟಿಸಿ ತಂದೆ ಸದಾಶಿವನ ಹೆಸರಿಟ್ಟ. ಅದರ ನಡುವೆಯೇ ಹೆದ್ದಾರಿ ಸೀಳಿಕೊಂಡು ಹೋಗಿದೆ. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕುಸಿದ, ಕಾಳಿ ಮೇಲಿನ ಹಳೆ ಸೇತುವೆಯ ಮಾತನ್ನು ಮೊದಮೊದಲು ನಾನು ಎತ್ತುತ್ತಿರಲಿಲ್ಲ, ಅದು ಪರಂಪರೆಯಲ್ಲ ಅನಿಸುತ್ತಿತ್ತು. ಅದು ನನ್ನ ತಪ್ಪು ತಿಳುವಳಿಕೆ. ಲಾರಿಯೊಂದಿಗೆ ನೀರಿಗೆ ಬಿದ್ದ ಚಾಲಕನನ್ನು ಪೊಲೀಸರೂ ಮೀನುಗಾರರೂ ಸೇರಿ ಉಳಿಸಿದ ಕತೆಯನ್ನು ಕೋಡಿಬಾಗದವರ ಬಾಯಲ್ಲೇ ಕೇಳಬೇಕು. ನಾನು ಸುಮ್ಮನಾಗಿ ಅವರಿಗೇ ಬಿಡುತ್ತೇನೆ.

ಮಳೆಗಾಲದಲ್ಲಿ ಈ ನಡಿಗೆ ಇಲ್ಲ. ಉಳಿದ ತಿಂಗಳಲ್ಲಿ ಚಪ್ಪಲಿ ಕೈಯಲ್ಲಿ, ನೀರಿನ ಬಾಟಲಿ ಹೆಗಲಲ್ಲಿ ಇದ್ದರೆ ಸಾಕು. ದಾರಿಯಲ್ಲಿ ಎಲ್ಲಾದರೂ ಮೀನುಗಾರರು ರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರೆ ನನ್ನ ಮಾತು ಅಲ್ಲಿಗೇ ನಿಂತಿತು. ಕೇಳಿಕೊಂಡು ನಾವೂ ಹಗ್ಗಕ್ಕೆ ಕೈ ಹಚ್ಚುತ್ತೇವೆ. ಬಂಗುಡೆಯೋ ತಾರ್ಲೆಯೋ ಬಲೆಯಲ್ಲಿ ಮಿಂಚುವಷ್ಟರಲ್ಲಿ ಚಂದ್ರ ಗುಡ್ಡ ಬಿಟ್ಟು ಮೇಲೆ ಬಂದಿರುತ್ತಾನೆ.