ಸಬ್‌ಟೈಟಲ್ ಆಫ್ ಮಾಡಿದ ಮೇಲೆ

ಸ್ಕಾಟ್‌ಲೆಂಡಿನ ಯೂನಿವರ್ಸಿಟಿಯೊಂದರಲ್ಲಿ ನಾನು ಓದಿದ್ದು ಸಿನಿಮಾ ಮತ್ತು ರಷ್ಯನ್, ಎರಡೂ ಸೇರಿದ ಡಿಗ್ರಿ. ಮೈಸೂರಿನಲ್ಲಿರುವ ಅಮ್ಮನಿಗೆ ಅದೇನೆಂದು ವಿವರಿಸುವ ಹೊತ್ತಿಗೆ ಮೊದಲ ಸೆಮಿಸ್ಟರ್ ಮುಗಿದಿತ್ತು. ಬೆಳಿಗ್ಗೆ ವ್ಯಾಕರಣ, ಮಧ್ಯಾಹ್ನ ಸಿನಿಮಾ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರಲಿಲ್ಲ.

ಎರಡನೇ ವರ್ಷ ಒಂದು ಪ್ರಬಂಧದಲ್ಲಿ ಎಡವಿದೆ. ಹಳೆಯ ಸೋವಿಯತ್ ಸಿನಿಮಾದ ದೃಶ್ಯ. ಅಡುಗೆಮನೆಯಲ್ಲಿ ಇಬ್ಬರು ಚಹಾ ಕುಡಿಯುತ್ತಾ ಮಾತಾಡುತ್ತಾರೆ. ಇಲ್ಲಿ ಏನೂ ಬದಲಾಗುವುದಿಲ್ಲ, ಕ್ಯಾಮೆರಾ ಸುಮ್ನೆ ಹತ್ತಿರ ಬರುತ್ತದೆ ಅಂತ ಬರೆದಿದ್ದೆ. ಯಾವ ಮಾತಿಗೆ ಹತ್ತಿರ ಬರುತ್ತದೆ ಎಂದು ಮೇಷ್ಟ್ರು ಆ ಸಾಲಿನ ಪಕ್ಕದಲ್ಲೇ ಬರೆದು ಕೇಳಿದ್ದರು. ಮತ್ತೆ ನೋಡಿದೆ. ಅಷ್ಟು ಹೊತ್ತು ‘ವೀ’ ಅನ್ನುತ್ತಿದ್ದವಳು ಆ ಕ್ಷಣ ‘ತೀ’ ಅಂದಿದ್ದಳು. ‘ನೀವು’ ಹೋಗಿ ‘ನೀನು’ ಬಂದಿತ್ತು! ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಎರಡಕ್ಕೂ ಒಂದೇ ‘ಯೂ’. ದೊಡ್ಡಪ್ಪನಿಗೆ ಬಾಯಿತಪ್ಪಿ ‘ನೀನು’ ಅಂದು ಬೈಸಿಕೊಂಡವಳು ನಾನು. ನನಗೇ ಇದು ತಪ್ಪಿಹೋಯಿತಲ್ಲ!

ಅವತ್ತಿನಿಂದ ಓದುವ ರೀತಿ ಬದಲಿಸಿದೆ. ವಾರಕ್ಕೊಂದು ದೃಶ್ಯ, ಮೂರೇ ನಿಮಿಷ. ಮೊದಲು ಸೌಂಡ್ ಇಲ್ಲದೆ ನೋಡಿ ಶಾಟ್ ಎಣಿಸುವುದು. ಆಮೇಲೆ ಸಬ್‌ಟೈಟಲ್ ಆಫ್ ಮಾಡಿ, ಕೇಳಿಸಿದ್ದನ್ನೆಲ್ಲ ಬರೆದುಕೊಳ್ಳುವುದು. ಕೊನೆಗೆ ಅದನ್ನು ಕನ್ನಡಕ್ಕೆ ತರುವುದು. ಮಾಸ್ಕೋದ ಹಳೆಯ ಸ್ಟುಡಿಯೋ ಮಾಸ್‌ಫಿಲ್ಮ್ ತನ್ನ ಎಷ್ಟೋ ಹಳೆಯ ಸಿನಿಮಾಗಳನ್ನು ಯೂಟ್ಯೂಬ್‌ಗೆ ಹಾಕಿದೆ, ಹಾಗಾಗಿ ಖರ್ಚೂ ಇರಲಿಲ್ಲ.

ಕನ್ನಡಕ್ಕೇ ಯಾಕೆ ಅಂದರೆ, ‘ಮ್ನೆ ಖೋಲದ್ನ’ ಅಂದರೆ ‘ನನಗೆ ಚಳಿ’. ಪದಕ್ಕೆ ಪದ. ‘ಓನ್ ಸ್ತುದ್ಯೆಂತ್’ ಅಂದರೆ ‘ಅವನು ವಿದ್ಯಾರ್ಥಿ’. ಇಂಗ್ಲಿಷಿನ ‘ಈಸ್’ ಎಲ್ಲಿ ಹೋಯಿತು ಅಂತ ಕ್ಲಾಸಿನವರು ಹುಡುಕುತ್ತಿದ್ದರು, ನನಗೆ ಅದರ ನೆನಪೇ ಬರಲಿಲ್ಲ. ರಷ್ಯನ್ನಿನಲ್ಲಿ ಹೆಚ್ಚಿನ ಕ್ರಿಯಾಪದಗಳು ಜೋಡಿ, ನಡೆಯುತ್ತಿರುವುದಕ್ಕೊಂದು, ಮುಗಿದದ್ದಕ್ಕೊಂದು. ಅವು ಎಲ್ಲರಿಗೂ ತಲೆನೋವು. ‘ನೋಡ್ತಿದ್ದೆ’, ‘ನೋಡಿ ಮುಗಿಸಿದೆ’ ಅಂತ ಇಟ್ಟುಕೊಂಡರೆ ಅರ್ಧ ದಾರಿ ಸಾಗುತ್ತದೆ. ಮಿಕ್ಕಿದ್ದು ಬಾಯಿಪಾಠವೇ. ಲಿಂಗದಲ್ಲಿ ಮಾತ್ರ ಕನ್ನಡ ಕೈಕೊಟ್ಟಿತು. ಮೇಜು ಗಂಡಂತೆ, ಪುಸ್ತಕ ಹೆಣ್ಣಂತೆ!

ಮೂರನೇ ವರ್ಷ ರಷ್ಯನ್ ಆಡುವ ಊರಿನಲ್ಲಿ ಇದ್ದು ಬರಬೇಕು. 2022ರ ಯುದ್ಧದ ನಂತರ ನಮ್ಮನ್ನು ರಷ್ಯಾಕ್ಕೆ ಕಳಿಸುತ್ತಿರಲಿಲ್ಲ. ಕಜಾಕ್‌ಸ್ತಾನದ ಅಲ್ಮಾಟಿಗೆ ಬೇಜಾರಿನಲ್ಲೇ ಹೋದೆ. ಹೋದ ಮೇಲೆ ಗೊತ್ತಾಯಿತು. 1941ರಲ್ಲಿ ಜರ್ಮನ್ ಸೇನೆ ನುಗ್ಗಿದಾಗ ಮಾಸ್ಕೋ, ಲೆನಿನ್‌ಗ್ರಾಡಿನ ಸ್ಟುಡಿಯೋಗಳು ಗಂಟುಮೂಟೆ ಕಟ್ಟಿಕೊಂಡು ಬಂದದ್ದು ಇಲ್ಲಿಗೇ. ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ ‘ಇವಾನ್ ದಿ ಟೆರಿಬಲ್’ ತೆಗೆದದ್ದೂ ಇಲ್ಲೇ. ಹಗಲು ಕರೆಂಟು ಯುದ್ಧದ ಕಾರ್ಖಾನೆಗಳಿಗೆ ಬೇಕಿತ್ತು, ಶೂಟಿಂಗ್ ರಾತ್ರಿ ಹೊತ್ತು. ಆ ಸಿನಿಮಾದ ದೊಡ್ಡ ದೊಡ್ಡ ನೆರಳುಗಳ ಬಗ್ಗೆ ಕ್ಲಾಸಿನಲ್ಲಿ ಹತ್ತು ಪುಟ ಬರೆದಿದ್ದೆ. ನಿದ್ದೆಗೆಟ್ಟು ಲೈಟು ಹಿಡಿದವರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಅಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ರೂಮು ಹಿಡಿದಿದ್ದೆ. ಮೊದಲ ದಿನ ಏನು ಮಾಡುತ್ತೀ ಅಂತ ಕೇಳಿದರು. ಸಣ್ಣಪುಟ್ಟ ವಿಡಿಯೋ ತೆಗೆಯುತ್ತಿದ್ದೆನಲ್ಲ, ಜಂಬದಿಂದ ‘ಯಾ ಸ್ನಿಮಾಯು’ ಅಂದೆ. ಶೂಟ್ ಮಾಡುವುದಕ್ಕೂ ಬಾಡಿಗೆಗೆ ಇರುವುದಕ್ಕೂ ರಷ್ಯನ್ನಿನಲ್ಲಿ ಒಂದೇ ಕ್ರಿಯಾಪದ. ಅಜ್ಜಿ ಕನ್ನಡಕ ಸರಿಮಾಡಿಕೊಂಡರು. ‘ಬಾಡಿಗೆಗಿದ್ದೀಯ, ಅದು ಗೊತ್ತು. ಕೆಲಸ ಏನು ಮಾಡ್ತೀ?’