ಮೊದಲ ಮೂರು ದಿನ ತಂಪಾಗಿರಲಿ: ಮನೆಯಲ್ಲಿ ಬಿಯರ್ ಹುದುಗಿಸುವ ಬಗೆ

ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ತಯಾರಿಸಿಕೊಳ್ಳಲು ಅವಕಾಶ ನೀಡಿದ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ರಾಜ್ಯಗಳ ಪೈಕಿ ಕೊನೆಯವಾದ ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಆ ದೇಶದಲ್ಲಿ ನೆಲೆಸಿ, ಮೊದಲ ಬಾರಿಗೆ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಏಲ್ ಎಂಬ ಬಗೆಯ ಬಿಯರ್ ಮಾಡಲು ಹೊರಟಿರುವ ಕನ್ನಡಿಗರಿಗಾಗಿ ಈ ಲೇಖನ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಊರಿನಲ್ಲಿರುವವರು ಇದನ್ನು ತಿಳಿವಳಿಕೆಗಾಗಿ ಮಾತ್ರ ಓದಬೇಕು.

ಹೊಸಬರು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮತ್ತು ಹಾಪ್ಸ್ (ಕಹಿ, ಪರಿಮಳ ಕೊಡುವ ಹೂ) ಕುದಿಸುವ ದಿನದ ಮೇಲೆ ತಮ್ಮ ಗಮನವನ್ನೆಲ್ಲ ಸುರಿದು, ಯೀಸ್ಟ್ ಹಾಕಿದ ಮೇಲೆ ಪಾತ್ರೆಯನ್ನು ಮೂಲೆಗಿಟ್ಟು ಮರೆಯುತ್ತಾರೆ. ರುಚಿ ಕೆಡುವುದು ಹೆಚ್ಚಾಗಿ ಆ ಮೂಲೆಯಲ್ಲಿಯೇ. ಬೇಸಿಗೆಯಲ್ಲಿ ಮಧ್ಯರಾತ್ರಿಗೇ ಉಕ್ಕಿ ಹರಿಯುವ ದೋಸೆ ಹಿಟ್ಟು ಮಾಗಿಯ ಚಳಿಯಲ್ಲಿ ಬೆಳಗಾದರೂ ಅಲುಗದೆ ಕೂರುವುದನ್ನು ಕಂಡವರಿಗೆ ಹುದುಗುವಿಕೆಯಲ್ಲಿ ಉಷ್ಣತೆಯ ಪಾತ್ರವೇನೆಂದು ವಿವರಿಸಬೇಕಾಗಿಲ್ಲ. ಆದರೆ ದೋಸೆ ಹಿಟ್ಟಿನಲ್ಲಿ ಅಕ್ಕಿ, ಉದ್ದಿನೊಂದಿಗೆ ಬಂದ ಸೂಕ್ಷ್ಮಜೀವಿಗಳೆಲ್ಲ ಸೇರಿ ದುಡಿಯುತ್ತವೆ. ಬಿಯರಿನಲ್ಲಿ ನಾವು ಆರಿಸಿದ ಒಂದೇ ಯೀಸ್ಟ್ ದುಡಿಯಬೇಕು, ಉಳಿದವು ಹೊರಗಿರಬೇಕು. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಶುದ್ಧ ಯೀಸ್ಟ್ ತಳಿಯನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದ ಮೇಲೆಯೇ ಇದು ಸಾಧ್ಯವಾದದ್ದು.

ಶುಚಿ ಮತ್ತು ಯೀಸ್ಟ್

ಕುದಿ ನಿಂತ ಮೇಲೆ ಮಾಲ್ಟ್ ರಸವನ್ನು ಮುಟ್ಟುವ ಪ್ರತಿಯೊಂದು ವಸ್ತುವೂ, ಅಂದರೆ ಹುದುಗು ಪಾತ್ರೆ, ಮುಚ್ಚಳ, ಏರ್‌ಲಾಕ್ (ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿ ಒಳಬಾರದಂತೆ ತಡೆಯುವ ಬಿರಡೆ), ಕೊಳವೆ, ಚಮಚ, ಕೊನೆಗೆ ಯೀಸ್ಟ್ ಪೊಟ್ಟಣ ಕತ್ತರಿಸುವ ಕತ್ತರಿಯೂ, ಮೊದಲು ತೊಳೆದು ನಂತರ ಸ್ಟಾರ್ ಸ್ಯಾನ್‌ನಂತಹ ಸೋಂಕುನಿವಾರಕ ದ್ರಾವಣದಲ್ಲಿ ಅದ್ದಿರಬೇಕು. ಜಿಡ್ಡು ಉಳಿದಿರುವ ಕಡೆ ಈ ದ್ರಾವಣ ಕೆಲಸ ಮಾಡುವುದಿಲ್ಲವಾದ್ದರಿಂದ ತೊಳೆಯುವುದನ್ನು ಬಿಡುವಂತಿಲ್ಲ.

ರಸವನ್ನು ಆದಷ್ಟು ಬೇಗ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ. ರಾತ್ರಿಯಾಯಿತೆಂದು 28 ಡಿಗ್ರಿಯಲ್ಲೇ ಯೀಸ್ಟ್ ಹಾಕಿ ಮಲಗುವುದು ಹೊಸಬರು ಮಾಡುವ ತಪ್ಪುಗಳಲ್ಲಿ ದೊಡ್ಡದು. ಪಾತ್ರೆಯನ್ನು ಶುಚಿಯಾಗಿ ಮುಚ್ಚಿಟ್ಟು, ತಣಿದ ಮೇಲೆ ಬೆಳಿಗ್ಗೆ ಹಾಕುವುದೇ ಲೇಸು. ಹಾಕುವ ಮೊದಲು ರಸವನ್ನು ಚೆನ್ನಾಗಿ ಕುಲುಕಿ ಗಾಳಿ ಸೇರಿಸಿ, ಏಕೆಂದರೆ ಯೀಸ್ಟ್ ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳಲು ಆಮ್ಲಜನಕ ಬೇಕು. ಆಮೇಲೆ ಅದೇ ಆಮ್ಲಜನಕ ಬಿಯರಿಗೆ ಒದ್ದೆ ರಟ್ಟಿನ ರುಚಿ ತರುತ್ತದೆ. 19 ಲೀಟರಿನ ಸಾಧಾರಣ ಏಲ್‌ಗೆ 11.5 ಗ್ರಾಂನ ಒಂದು ಪೊಟ್ಟಣ ಒಣ ಯೀಸ್ಟ್ ಸಾಕು.

ಮೊದಲ 72 ಗಂಟೆ

ಯೀಸ್ಟ್ ಸಕ್ಕರೆಯನ್ನು ಒಡೆಯುವಾಗ ಶಾಖ ಹುಟ್ಟುತ್ತದೆ. ಹುದುಗು ಜೋರಾಗಿರುವಾಗ ಪಾತ್ರೆಯೊಳಗಿನ ಉಷ್ಣತೆ ಕೋಣೆಗಿಂತ 3ರಿಂದ 5 ಡಿಗ್ರಿ ಮೇಲಿರಬಹುದು. ಕೋಣೆಯ ಥರ್ಮಾಮೀಟರ್ 21 ತೋರಿಸುತ್ತಿದೆಯೆಂದು ನೆಮ್ಮದಿಯಿಂದಿದ್ದವರ ಬಿಯರು 25ರಲ್ಲಿ ಕುದಿಯುತ್ತಿರುತ್ತದೆ. ಆ ಬಿಸಿಯಲ್ಲಿ ಗಂಟಲು ಸುಡುವಂಥ ಭಾರದ ಆಲ್ಕೋಹಾಲುಗಳೂ ಉಗುರು ಬಣ್ಣ ಅಳಿಸುವ ದ್ರಾವಣದ ವಾಸನೆಯೂ ಹುಟ್ಟಿಕೊಳ್ಳುತ್ತವೆ, ಎಷ್ಟು ತಿಂಗಳು ಇಟ್ಟರೂ ಅವು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಅಂಟಿಸುವ ಥರ್ಮಾಮೀಟರ್ ಪಟ್ಟಿಯನ್ನು ಪಾತ್ರೆಯ ಮೈಗೇ ಅಂಟಿಸಿ.

ಬೇರೆ ಫ್ರಿಜ್ ಇಲ್ಲದವರಿಗೆ ನಮ್ಮ ಮಣ್ಣಿನ ಹೂಜಿಯ ಉಪಾಯವೇ ಇದೆ. ಅಗಲವಾದ ಟಬ್ಬಿನಲ್ಲಿ ನೀರು ತುಂಬಿ, ಅದರಲ್ಲಿ ಪಾತ್ರೆಯನ್ನಿಟ್ಟು, ಹಳೆಯ ಹತ್ತಿ ಅಂಗಿಯನ್ನು ತುದಿ ನೀರಿನಲ್ಲಿರುವಂತೆ ಪಾತ್ರೆಗೆ ತೊಡಿಸಿ, ಎದುರಿಗೆ ಫ್ಯಾನ್ ಹಚ್ಚಿದರೆ ಆವಿಯಾಗುವ ನೀರು ಶಾಖವನ್ನು ಹೊತ್ತೊಯ್ಯುತ್ತದೆ. ಸಾಲದಿದ್ದರೆ ನೀರು ಹೆಪ್ಪುಗಟ್ಟಿಸಿದ ಬಾಟಲಿಗಳನ್ನು ಬೆಳಿಗ್ಗೆ, ಸಂಜೆ ಟಬ್ಬಿಗೆ ಬಿಡಿ. ಮೂರು ದಿನ 18ರಿಂದ 20ರೊಳಗೆ ಹಿಡಿದಿಟ್ಟರೆ ಅರ್ಧಕ್ಕಿಂತ ಹೆಚ್ಚಿನ ಕೆಲಸ ಮುಗಿಯಿತೆಂದೇ ನನ್ನ ನಂಬಿಕೆ. ಟೆಕ್ಸಾಸ್ ಅಥವಾ ಅರಿಜೋನಾದ ಬೇಸಿಗೆಯಲ್ಲಿ ಇದೂ ಕಷ್ಟವೆನಿಸಿದರೆ, 30 ಡಿಗ್ರಿ ದಾಟಿದರೂ ಶುಚಿಯಾಗಿ ಹುದುಗುವ ನಾರ್ವೆಯ ಕ್ವೈಕ್ ಯೀಸ್ಟ್ ತರಿಸಿಕೊಳ್ಳಬಹುದು.

ನೊರೆ ಉಕ್ಕಿ ಏರ್‌ಲಾಕ್ ಕಟ್ಟಿಕೊಳ್ಳದಂತೆ ಪಾತ್ರೆಯಲ್ಲಿ ನಾಲ್ಕೈದು ಲೀಟರ್ ಜಾಗ ಖಾಲಿಯಿರಲಿ.

ಕಾಯುವುದು, ಅಳೆಯುವುದು

ನಾಲ್ಕನೆಯ ದಿನ ನೊರೆ ಇಳಿಯತೊಡಗಿದಾಗ ತಂಪು ಮಾಡುವುದನ್ನು ನಿಲ್ಲಿಸಿ, ಉಷ್ಣತೆ 21ರವರೆಗೆ ತಾನಾಗಿ ಏರಲು ಬಿಡಿ. ಬೆಣ್ಣೆಯ ವಾಸನೆಯ ಡೈಅಸಿಟೈಲ್, ಹಸಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡ್ ಇವೆರಡನ್ನೂ ಯೀಸ್ಟೇ ಮರಳಿ ಹೀರಿಕೊಳ್ಳುವುದು ಈ ಹೊತ್ತಿನಲ್ಲಿ. ಅವಸರಕ್ಕೆ ಬಿದ್ದು ಬೇರೆ ಪಾತ್ರೆಗೆ ಬಗ್ಗಿಸಿದರೆ ಅವು ಉಳಿದುಬಿಡುತ್ತವೆ.

ಏರ್‌ಲಾಕ್ ಗುಳ್ಳೆ ನಿಂತಿತೆಂದರೆ ಹುದುಗು ಮುಗಿಯಿತೆಂದಲ್ಲ, ಮುಚ್ಚಳದ ಸಂದಿನಿಂದ ಅನಿಲ ಸೋರುತ್ತಿರಬಹುದು. ನಂಬಬೇಕಾದದ್ದು ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನು. ಆರಂಭದಲ್ಲಿ 1.050 ಇದ್ದ ಸಾಂದ್ರತೆ 1.010ಕ್ಕೆ ಇಳಿದು, ಎರಡು ಮೂರು ದಿನಗಳ ಅಂತರದಲ್ಲಿ ನೋಡಿದಾಗಲೂ ಕದಲದಿದ್ದರೆ ಮುಗಿದಂತೆ. ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಆಲ್ಕೋಹಾಲಿನ ಪ್ರಮಾಣ ಸಿಗುತ್ತದೆ, ಇಲ್ಲಿ ಸುಮಾರು ಶೇ 5.2. ಅಳೆಯಲು ತೆಗೆದ ಬಿಯರನ್ನು ಪಾತ್ರೆಗೆ ಮರಳಿ ಸುರಿಯದೆ ಕುಡಿದು ನೋಡಿ, ರುಚಿ ಬದಲಾಗುವ ಬಗೆ ಹಾಗೆಯೇ ತಿಳಿಯುವುದು. ಮೊದಲ ಬಾರಿಗೆ ಎರಡು ವಾರ ಕಾಯುವುದು ಉತ್ತಮ.

ಸಾಂದ್ರತೆ ಇನ್ನೂ ಇಳಿಯುತ್ತಿರುವಾಗಲೇ ಬಾಟಲಿಗೆ ತುಂಬಿದರೆ ಉಳಿದ ಸಕ್ಕರೆ ಒಳಗೇ ಹುದುಗಿ, ಗಾಜು ಸಿಡಿದು ಕೈ, ಕಣ್ಣಿಗೆ ಗಾಯವಾದೀತು. ಈ ವಿಷಯದಲ್ಲಿ ಅಂದಾಜು ಬೇಡವೇ ಬೇಡ. ಇಳಿಯುವುದು ನಿಂತದ್ದು ಖಚಿತವಾದ ಮೇಲೆ, ಬಾಟಲಿಯೊಳಗೆ ಗುಳ್ಳೆ ಹುಟ್ಟಲೆಂದು, ಸುಮಾರು 115 ಗ್ರಾಂ ಡೆಕ್ಸ್‌ಟ್ರೋಸ್ ಸಕ್ಕರೆಯನ್ನು ತೂಗಿ, ನೀರಿನಲ್ಲಿ ಕುದಿಸಿ ಆರಿಸಿ, ಇಡೀ 19 ಲೀಟರಿಗೆ ಸಮನಾಗಿ ಬೆರೆಯುವಂತೆ ಮೆಲ್ಲಗೆ ಕಲಸಿ, ಬಿಯರಿಗೆಂದೇ ಮಾಡಿದ ದಪ್ಪ ಬಾಟಲಿಗಳಲ್ಲಿ ತುಂಬಿ. 21 ಡಿಗ್ರಿಯ ಕತ್ತಲ ಜಾಗದಲ್ಲಿ ಎರಡು ವಾರ ಇಟ್ಟು, ಒಂದನ್ನು ಒಂದು ದಿನ ಫ್ರಿಜ್ಜಿನಲ್ಲಿರಿಸಿ, ತಳದ ಯೀಸ್ಟ್ ಕದಡದಂತೆ ಲೋಟಕ್ಕೆ ಬಗ್ಗಿಸಿ.